ಲವಂಗ ಚುಚ್ಚಿದ ಕರ್ಚಿಕಾಯಿ

ಆ ಊರಿನಲ್ಲಿ ತಿಂಡಿ ಬೇಕೆಂದರೆ ದುಡ್ಡು ನಡೆಯುವುದಿಲ್ಲ, ಹೆಸರು ಹೇಳಬೇಕು. ಗಾಜಿನ ಭರಣಿಯೊಳಗಿರುವುದನ್ನು ಯಾರ ಕೈ ಮಾಡಿತು ಎಂದು ಬೀದಿಗೆ ಕೇಳುವ ಹಾಗೆ ಬಾಯಿಬಿಟ್ಟು ಹೇಳಿದರೆ ಮುಚ್ಚಳ ತಾನಾಗಿ ಸಡಿಲವಾಗುತ್ತದೆ. ಸುಳ್ಳು ಹೇಳಿದರೆ ಗರಡಿಮನೆಯ ಪೈಲ್ವಾನನನ್ನು ಕರೆತಂದರೂ ಅದು ಜಪ್ಪಯ್ಯ ಎನ್ನುವುದಿಲ್ಲ. ಅದು ಹೇಗೆ, ಯಾಕೆ ಎಂದು ನನ್ನನ್ನು ಕೇಳಬೇಡಿ. ನಮ್ಮ ಓಣಿಯ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ, ಯಾಕೆ ನಿಲ್ಲುತ್ತದೆ ಎಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಆದರೂ ಕೊಡ ಹಿಡಿದು ನಿಲ್ಲುವುದನ್ನು ಬಿಟ್ಟಿದ್ದೇನೆಯೇ?

ನಾನು ಆ ಊರಿಗೆ ಹೋದದ್ದು ನಮ್ಮ ಅತ್ತೆ ಗುರುಸಿದ್ದವ್ವನ ಜೊತೆ. ವಿದೇಶ ಪ್ರವಾಸಕ್ಕೆ ಅವರೂ ಅವರ ಮಗನೂ ಹೊರಡಬೇಕಿತ್ತು. ಹೊರಡುವ ವಾರ ನಮ್ಮ ಯಜಮಾನರ ಮಂಡಿ ಕೈಕೊಟ್ಟಿತು, ಅವರ ಸೀಟಿಗೆ ನಾನು ಬಂದೆ. ಅತ್ತೆಗೆ ಎಂಬತ್ತು ದಾಟಿದೆ. ಹಲ್ಲು ಅರ್ಧ ಉದುರಿವೆ, ಮಾತು ಒಂದೂ ಉದುರಿಲ್ಲ. ಸೊಂಟದಲ್ಲಿ ಯಾವಾಗಲೂ ಕೀಲಿಕೈ ಗೊಂಚಲು. ವಿಮಾನ ನಿಲ್ದಾಣದಲ್ಲಿ ಯಂತ್ರ ಕುಂಯ್ ಎಂದಾಗ ಅಲ್ಲಿದ್ದ ಹುಡುಗಿ ಅದನ್ನು ತೆಗೆದಿಡಲು ಹೇಳಿದಳು. "ಇದನ್ನ ತಗದ್ರ ನನ್ನ ಸೊಂಟಾನ ಕಳಚಿ ಬೀಳತೈತಿ ತಂಗಿ, ನೀ ಹಿಡಕೊಂತಿಯೇನು?" ಎಂದರು ಅತ್ತೆ. ಹಿಂದೆ ನಿಂತವರೆಲ್ಲ ನಕ್ಕರು, ನಾನು ನಗಲಿಲ್ಲ. ಆ ಗೊಂಚಲಿನಲ್ಲಿ ಅಡುಗೆಮನೆಯ ಕಪಾಟಿನ ಕೀಲಿಕೈ ಕೂಡ ಇತ್ತು. ಮೂವತ್ತು ವರ್ಷದಿಂದ ಅದು ನನ್ನ ಕೈಗೆ ಬಂದಿರಲಿಲ್ಲ.

ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಅತ್ತೆಯ ಒಬ್ಬಳೇ ಮಗಳು, ನನ್ನ ನಾದಿನಿ ಮಹಾನಂದಾ, ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಅತ್ತೆ ಕರ್ಚಿಕಾಯಿ ಕರಿದರು. ಅವರ ಕರ್ಚಿಕಾಯಿ ಎಂದರೆ ಊರಿಗೇ ಹೆಸರು. ಉಳಿದವರು ಬಲಗೈಯಲ್ಲಿ ಅಂಚು ಮಡಿಚಿದರೆ ಅವರು ಎಡಗೈ ಹೆಬ್ಬೆರಳಿನಿಂದ ಒಳಮುಖವಾಗಿ ಮಡಿಚುತ್ತಾರೆ, ಜಡೆ ಹೆಣೆದ ಹಾಗೆ. ನಮ್ಮ ಓಣಿಯಲ್ಲಿ ಹೆಂಗಸರೆಲ್ಲ ಒಂದೇ ಒಲೆಯ ಮುಂದೆ ಕೂತು ಕರಿಯುವುದು ರೂಢಿ. ಯಾವುದು ಯಾರ ಮನೆಯದು ಎಂದು ಕೊನೆಗೆ ಅಂಚು ನೋಡಿಯೇ ಆರಿಸಿಕೊಳ್ಳುತ್ತೇವೆ. ಇನ್ನೊಂದು ಪದ್ಧತಿ ನಮ್ಮ ಮನೆಯದೇ. ಚೊಚ್ಚಲ ಬಸುರಿಯಾದ ಮನೆಮಗಳಿಗೆಂದು ಅಂಗೈಯಗಲದ ಒಂದೇ ಒಂದು ದೊಡ್ಡ ಕರ್ಚಿಕಾಯಿ ಮಾಡಿ, ಅದರ ನಡುಬೆನ್ನಿಗೆ ಒಂದು ಲವಂಗ ಚುಚ್ಚುತ್ತಾರೆ. ಅದನ್ನು ಅವಳು ತಿಂದ ಮೇಲೆ ಉಳಿದವರಿಗೆ ಹಂಚಿಕೆ. ಅತ್ತೆ ಎಲ್ಲವನ್ನೂ ಡಬ್ಬಿಗೆ ತುಂಬಿ, ಡಬ್ಬಿಯನ್ನು ಕಪಾಟಿಗಿಟ್ಟು, ಕೀಲಿ ಹಾಕಿ, ಕೀಲಿಕೈಯನ್ನು ಹೊಸ ಸೊಸೆಯ ಮೇಲಿನ ಅಕ್ಕರೆಯಿಂದ ನನ್ನ ಕೈಗೆ ಕೊಟ್ಟರು. ಮರುದಿನ ನೋಡಿದರೆ ಡಬ್ಬಿ ಅರ್ಧ ಖಾಲಿ. ಲವಂಗದ ಕರ್ಚಿಕಾಯಿಯೂ ಇಲ್ಲ.

ಅತ್ತೆ ಒಡೆದರೆ ಹಳೆಯ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎನ್ನುತ್ತಾರೆ. ಇಲ್ಲಿ ನಾನು ಏನನ್ನೂ ಒಡೆಯಲೇ ಇಲ್ಲ. ಬಸುರಿಯ ಪಾಲು ತಿಂದವಳು ಎಂದು ಓಣಿಯ ಮುಂದೆ ಅತ್ತೆ ಅಂದರು. ಯಜಮಾನರು ಮಜ್ಜಿಗೆ ಕುಡಿಯುತ್ತ ಕೂತಿದ್ದರು, ಲೋಟ ಕೆಳಗಿಡಲಿಲ್ಲ. ಮಹಾನಂದಾಳ ಹೆರಿಗೆ ಕಷ್ಟವಾಯಿತು. ತಾಯಿ ಮಗು ಉಳಿದರು, ಆದರೆ ಆ ಕಷ್ಟಕ್ಕೂ ನನ್ನ ಬಾಯಿಚಪಲವೇ ಕಾರಣವಾಯಿತು. ನನ್ನ ಹೆಸರು ದಾಕ್ಷಾಯಣಿ. ಓಣಿಯಲ್ಲಿ ಅದನ್ನು ಮರೆತು "ಡಬ್ಬಿ ದಾಕ್ಷಾಣಿ" ಅಂದರು. ನನ್ನ ಮಗಳ ಮದುವೆಯಲ್ಲಿ ಬೀಗರ ಕಡೆಯ ಒಬ್ಬಳು ಲಾಡಿನ ಬುಟ್ಟಿಯ ಹತ್ತಿರ ನನ್ನನ್ನು ನೋಡಿ ಬುಟ್ಟಿಯನ್ನು ಆಚೆ ಸರಿಸಿದಳು. ಅದನ್ನು ನಾನು ಸತ್ತ ಮೇಲೂ ಮರೆಯುವುದಿಲ್ಲ.

ಪ್ರವಾಸಕ್ಕೆ ಬರೋಣ. ನಮ್ಮ ಕಡೆಯ ಟೂರಿನವರು ಅಡುಗೆಯವನನ್ನೂ ಜೊತೆಗೆ ಒಯ್ಯುತ್ತಾರೆ. ಕಂಡ ಕಂಡ ದೇಶದಲ್ಲಿ ಜೋಳದ ರೊಟ್ಟಿ ತಿಂದು ಬರುವುದೇ ನಮಗೆ ಪ್ರವಾಸ. ಈ ಸಲ ಎರಡನೆಯ ದೇಶದಲ್ಲೇ ಅವನು ಕೈ ಸುಟ್ಟುಕೊಂಡು ಊರಿಗೆ ವಾಪಸಾದ. ಅಲ್ಲಿಂದ ಮುಂದೆ ಬ್ರೆಡ್ಡು, ಬೆಣ್ಣೆ, ತೊಳೆದ ಸೊಪ್ಪು. ಚಟ್ನಿಪುಡಿ ಮುಗಿಯಿತು. ಜನ ಚರ್ಚ್, ಸೇತುವೆ, ಅರಮನೆ ನೋಡುವುದನ್ನು ಬಿಟ್ಟು ಬಸ್ಸಿನಲ್ಲಿ ಕೂತು ಮಿರ್ಚಿ ಭಜಿಯ ಮಾತಾಡತೊಡಗಿದರು. ಹಾಗಿರುವಾಗ ಒಂದು ಮಧ್ಯಾಹ್ನ ಬಸ್ಸು ಕೆಟ್ಟು ನಿಂತಿತು, ನಮ್ಮ ಪಟ್ಟಿಯಲ್ಲಿ ಇಲ್ಲದ ಆ ಊರಿನ ಅಂಚಿಗೆ.

ಇಳಿದು ನಡೆದರೆ ಒಂದು ಉದ್ದನೆಯ ಬೀದಿ. ಎರಡೂ ಬದಿಗೆ ಅಂಗಡಿ, ಅಂಗಡಿ ತುಂಬ ಭರಣಿ. ಎಲ್ಲಿಯೂ ಒಲೆಯಿಲ್ಲ, ಬಾಣಲೆಯಿಲ್ಲ, ಎಣ್ಣೆಯ ವಾಸನೆಯೂ ಇಲ್ಲ. ಆ ಊರಿನವರು ಬೇಯಿಸಿದ್ದನ್ನು ಮಾತ್ರ ತಿನ್ನುತ್ತಾರಂತೆ, ಕರಿಯುವುದು ಅವರಿಗೆ ಗೊತ್ತೇ ಇಲ್ಲ. ಭರಣಿಗಳಲ್ಲಿ ಕಂಡು ಕೇಳರಿಯದ ದೇಶಗಳ ತಿಂಡಿ. ಅವುಗಳ ನಡುವೆ ನಮ್ಮ ಚಕ್ಕುಲಿ, ನಮ್ಮ ಶಂಕರಪಾಳಿ! ನಮ್ಮವರು ಕಿರುಚಿಕೊಂಡು ಓಡಿದರು. ಮಹಡಿಯ ಕಿಟಕಿಗಳಲ್ಲಿ ಹೆಂಗಸರು ಬಟಾಣಿ ಸುಲಿಯುತ್ತ ಕೂತಿದ್ದರು, ಅವರು ತಲೆಯೆತ್ತಲಿಲ್ಲ. ಇಂಥ ಕಿರುಚಾಟ ಅವರಿಗೆ ದಿನದ ಪಾಡು.

ನಾವು ನಿಂತ ಅಂಗಡಿಯ ಒಡತಿಯ ಹೆಸರು ತೊಮಿರಾ. ತಲೆಗೆ ನೀಲಿ ಬಟ್ಟೆ ಕಟ್ಟಿದ ದಪ್ಪ ಹೆಂಗಸು. ಬಂದು ಹೋಗುವವರ ಬಾಯಿಂದ ಹೆಕ್ಕಿ ಹೆಕ್ಕಿ ಕಲಿತ ಕನ್ನಡ ಅವಳದು. ಒಂದು ಮಾತು ಮಂಗಳೂರಿನದು, ಒಂದು ಮೈಸೂರಿನದು, ಇನ್ನೊಂದು ನಮ್ಮ ಕಡೆಯದು.

"ಎಂತ ಬೇಕು ಮಾರಾಯ್ರೆ? ಆರಾಮಾಗಿ ನೋಡ್ರಿ. ಕೈ ಯಾರ್ದು ಅಂತ ಜೋರಾಗಿ ಹೇಳಿ, ತಗೊಳ್ಳಿ," ಎಂದು ಅವಳು ಪದ್ಧತಿ ತಿಳಿಸಿದಳು.

ನಮ್ಮ ಟೂರಿನ ಹಿರೇಮಠ ಮಾಸ್ತರು ಒಂದು ಚಕ್ಕುಲಿಯ ಭರಣಿಯ ಮುಂದೆ ನಿಂತುಬಿಟ್ಟಿದ್ದರು. ಎಳ್ಳು ಜಾಸ್ತಿ, ಸುತ್ತು ಕಡಿಮೆ. "ನಮ್ಮ ಮನಿಯಾಕಿ ಕೈರಿ ಇದು. ಶಾರವ್ವನ ಕೈ," ಅಂದರು. ಆಕೆ ತೀರಿ ಆರು ವರ್ಷವಾಗಿತ್ತು. ಕಿಟಕಿಗಳಿಂದ ಹೆಂಗಸರು, ಎದುರಿನ ಕ್ಷೌರದ ಅಂಗಡಿಯಿಂದ ಕತ್ತರಿ ನಿಲ್ಲಿಸಿ ಕ್ಷೌರಿಕ, ಎಲ್ಲರೂ ಒಟ್ಟಿಗೆ, "ಕೇಳಿಸಿತು!" ಅಂದರು. ಆ ಒಂದು ಶಬ್ದ ಅವರಿಗೆ ಎಲ್ಲ ಭಾಷೆಯಲ್ಲೂ ಬರುತ್ತದೆ. ಮುಚ್ಚಳ ಸಡಿಲಾಯಿತು. ಮಾಸ್ತರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅಳುತ್ತ ತಿಂದರು, ತಿನ್ನುತ್ತ ಅತ್ತರು.

"ಇವೆಲ್ಲ ಎಲ್ಲಿಂದ ಬರತಾವ?" ಎಂದು ನಾನು ತೊಮಿರಾಳನ್ನು ಕೇಳಿದೆ.

"ಬೆಳಗ್ಗೆ ನೋಡುವಾಗ ಭರಣಿ ತುಂಬಿರ್ತದೆ. ಇಲ್ಲಿ ತುಂಬ್ತು ಅಂದ್ರೆ ಎಲ್ಲೋ ಕಡಿಮೆ ಆಗಿರ್ಬೇಕು, ಅಲ್ವಾ?" ಎಂದಳು ಅವಳು, ಒರೆಸುವ ಬಟ್ಟೆಯನ್ನು ಹಿಂಡುತ್ತ.

ಅರ್ಧ ಖಾಲಿಯಾದ ನಮ್ಮ ಡಬ್ಬಿ ನನಗೆ ನೆನಪಾಯಿತು. ನಾನು ಒಂದೊಂದೇ ಭರಣಿ ನೋಡುತ್ತ ಹೋದೆ. ಕೆಳಗಿನ ಹಲಗೆಯ ಮೂಲೆಯಲ್ಲಿ ಸಿಕ್ಕಿತು. ಒಳಮುಖವಾಗಿ ಜಡೆಯ ಹಾಗೆ ಮಡಿಚಿದ ಅಂಚು. ಸಣ್ಣವುಗಳ ನಡುವೆ ಅಂಗೈಯಗಲದ್ದು ಒಂದು. ಅದರ ನಡುಬೆನ್ನಿನಲ್ಲಿ ಲವಂಗ. ಈಗಷ್ಟೇ ಎಣ್ಣೆಯಿಂದ ತೆಗೆದ ಹಾಗೆ ಹೊಂಬಣ್ಣ. ಅತ್ತೆಗೆ ಒಬ್ಬಳೇ ಮಗಳು. ಆ ಮಗಳಿಗೆ ಚೊಚ್ಚಲ ಕುಬಸ ಒಂದೇ ಸಲ. ಆ ಕೈಯಿಂದ ಇಂಥದ್ದು ಇನ್ನೊಂದು ಈ ಭೂಮಿಯ ಮೇಲೆ ಇರಲು ಸಾಧ್ಯವಿಲ್ಲ.

"ಅತ್ತಿಯವ್ರ, ಇಲ್ಲಿ ಬರ್ರಿ," ಅಂದೆ.

ಅವರು ಬಗ್ಗಿದರು. ಕನ್ನಡಕ ಏರಿಸಿದರು. ಬಹಳ ಹೊತ್ತು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತೆಯ ಕೈ ತಾನಾಗಿ ಸೊಂಟದ ಕೀಲಿಕೈ ಗೊಂಚಲಿಗೆ ಹೋಯಿತು. ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

"ಯಾರದೋ ಏನೋ," ಎಂದು ನೆಟ್ಟಗೆ ನಿಂತರು. "ಜಗತ್ತಿನಾಗ ಎಡಗೈ ನನಗೊಬ್ಬಾಕಿಗೇ ಐತೇನು?"

"ಲವಂಗಾನೂ ಎಲ್ಲಾರ ಮನ್ಯಾಗೂ ಚುಚ್ಚತಾರೇನ್ರಿ?"

"ನನಗೇನ ಗೊತ್ತು? ಹಸಿವಾಗೇತಿ ಅಂದ್ರ ನೀನ ಹೇಳು ಯಾರ ಕೈ ಅಂತ. ತಗದು ತಿನ್ನು. ನಾ ಬ್ಯಾಡ ಅಂದೀನೇನು?"

ನನ್ನ ಬಾಯಲ್ಲಿ ಅವರ ಹೆಸರು ಸಿದ್ಧವಾಗಿತ್ತು. ಹೇಳಿದ್ದರೆ ಮುಚ್ಚಳ ತೆರೆಯುತ್ತಿತ್ತು, ಹೊಟ್ಟೆಯೂ ತಣ್ಣಗಾಗುತ್ತಿತ್ತು. ಆದರೆ ನಾನು ಹೇಳಲಿಲ್ಲ.

"ನಾ ಹೇಳಿ ಮುಚ್ಚಳ ತಗದರ ಮತ್ತ ನಾನ ತಗದಂಗ ಆತು. ಒಮ್ಮೆ ತಗೀಲಾರದ ತಗದಾಕಿ ಅನಿಸ್ಕೊಂಡೀನಿ. ಅದು ಸಾಕು ನನಗ. ಮಾಡಿದವ್ರು ನೀವು, ನಿಮ್ಮ ಬಾಯಿಲೇನ ಬರಬೇಕು."

ಹೀಗೆಂದು ಆ ಭರಣಿಯನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಮಾಸ್ತರ ಪಕ್ಕದಲ್ಲಿ ಕೂತುಬಿಟ್ಟೆ. ತೊಮಿರಾ ಬೇಡ ಅನ್ನಲಿಲ್ಲ, ಕೆಳಗೆ ಹಾಸಿಕೊಳ್ಳಲು ಒಂದು ಗೋಣಿಚೀಲ ಕೊಟ್ಟಳು. ಹೀಗೆ ಹಟ ಹಿಡಿದು ಕೂರುವವರೂ ಅವಳಿಗೆ ಹೊಸಬರಲ್ಲ ಎಂದು ಕಾಣುತ್ತದೆ.

ಬಿಸಿಲು ಇಳಿಯಿತು. ಬಸ್ಸು ಸರಿಯಾಯಿತು ಎಂದು ಟೂರಿನ ಮ್ಯಾನೇಜರ್ ಪ್ರಭುದೇವ ಓಡಿ ಬಂದ. ಉಳಿದವರೆಲ್ಲ ಹತ್ತಿದ್ದಾರೆ, ಕತ್ತಲಾಗುವ ಮೊದಲು ಗಡಿ ದಾಟಬೇಕು, ಅಲ್ಲಿ ಗೇಟು ಹಾಕುತ್ತಾರೆ ಎಂದು ಗೋಗರೆದ. ಬೀದಿಯ ತುದಿಯಿಂದ ಹಾರ್ನು ಕೇಳುತ್ತಿತ್ತು.

"ಅಕ್ಕಾರ, ಒಂದು ಕರ್ಚಿಕಾಯಿ ಸಲುವಾಗಿ ಇಡೀ ಬಸ್ ನಿಲ್ಲಸ್ತೀರೇನ್ರಿ?"

"ಒಂದು ಕರ್ಚಿಕಾಯಿ ಸಲುವಾಗಿ ನನ್ನ ಜನ್ಮಾನ ನಿಂತೈತೆಪಾ. ನಿಮ್ಮ ಬಸ್ಸು ಅರ್ಧ ತಾಸು ನಿಂತರ ಏನೂ ಆಗೂದಿಲ್ಲ. ಬ್ಯಾರೇದವ್ರು ಹೋಗೂದಿದ್ರ ಹೋಗಲಿ. ನಾ ಇಲ್ಲೇ ಇರತೀನಿ, ಬಟಾಣಿ ಸುಲಕೋಂತ."

ಹಾಗೆ ಹೇಳುವಾಗ ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿಲ್ಲದ ಊರು, ಪಾಸ್‌ಪೋರ್ಟು ಪ್ರಭುದೇವನ ಚೀಲದಲ್ಲಿ. ಆದರೆ ಭಯಕ್ಕಿಂತ ಸಿಟ್ಟು ದೊಡ್ಡದಿತ್ತು. ಮೂವತ್ತು ವರ್ಷ ಅದನ್ನು ನಾನು ಬೂದಿ ಮುಚ್ಚಿದ ಕೆಂಡದ ಹಾಗೆ ಇಟ್ಟುಕೊಂಡಿದ್ದೆ. ಅತ್ತೆ ಎದುರಿನ ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಮುಖ ತಿರುಗಿಸಿ ಕೂತಿದ್ದರು. ಅವರ ಹಟ ನನಗೆ ಹೊಸದಲ್ಲ. ಆ ಮನೆಯಲ್ಲಿ ಬದುಕಿ ನಾನೂ ಅದನ್ನೇ ಅಷ್ಟಿಷ್ಟು ಕಲಿತಿದ್ದೆ. ಹಾಗೆಯೇ ಇನ್ನೊಂದನ್ನೂ ತಿಳಿದಿದ್ದೆ. ಅತ್ತೆಯನ್ನು ಬೈದರೆ ಅವರು ಸಹಿಸುತ್ತಾರೆ. ಅವರ ಕೈಯಡುಗೆಗೆ ಬೇರೆಯವರು ಹೆಸರು ತೆಗೆದುಕೊಂಡರೆ ಸಹಿಸುವುದಿಲ್ಲ.

ನಾನು ಎದ್ದು ನಿಂತೆ. ಭರಣಿಯನ್ನು ತಲೆಯ ಮೇಲಕ್ಕೆತ್ತಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

"ಇದು ನನ್ನ ಕೈ! ದಾಕ್ಷಾಯಣಿ ಕೈ!"

ಕಿಟಕಿಗಳು ಸುಮ್ಮನಿದ್ದವು. ಒಬ್ಬಳು ಬಟಾಣಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ಕೆಟ್ಟದಾಗಿ ನೋಡಿದಳು. ಮುಚ್ಚಳ ಅಲ್ಲಾಡಲಿಲ್ಲ. ತೊಮಿರಾ ನಾಲಿಗೆಯಿಂದ ಚ್ಚ್ ಎಂದಳು.

"ಅಂಚು ನೋಡ್ರಿ, ಎಷ್ಟ ಚಂದ ಮಡಚೀನಿ! ನಮ್ಮ ಅತ್ತಿಯವ್ರಿಗೆ ಇದು ಬರತಿದ್ದಿಲ್ಲ. ಪಾಪ, ಎಡಗೈ ನೋಡ್ರಿ, ಎಣ್ಯಾಗ ಬಿಟ್ಟ ಕೂಡ್ಲೇ ಬಾಯಿ ಬಿಡತಿದ್ವು, ಹೂರಣೆಲ್ಲಾ ಹೊರಗ. ನಾ ಬಂದ ಮ್ಯಾಲ ಕೂಡ್ರಿಸಿ ಕಲಿಸಿದೆ..."

ನನ್ನ ಮಾತು ಮುಗಿಯಲಿಲ್ಲ. ಕ್ಷೌರದ ಅಂಗಡಿಯ ಕುರ್ಚಿ ಗರ್ರನೆ ತಿರುಗಿತು. ಎಂಬತ್ತು ದಾಟಿದ ಜೀವ ಅಷ್ಟು ಬೇಗ ಬೀದಿ ದಾಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಎಲಾ ಇವಳ! ನೀ ಕಲಿಸಿದಿ? ನನಗ? ನೀ ಬರೂಕಿಂತ ಮೊದಲ ನಮ್ಮವ್ವ ಕಲಿಸಿದ ಮಡಿಕಿ ಇದು! ನನ್ನ ಕರ್ಚಿಕಾಯಿ ಎಣ್ಯಾಗ ಬಾಯಿ ಬಿಟ್ಟಿದ್ದನ್ನ ನೋಡಿದ ಕಣ್ಣು ಯಾವುದು, ತಂದು ತೋರಸು!" ಆಮೇಲೆ ಬೀದಿಯ ಕಡೆ ತಿರುಗಿ, ಎರಡೂ ಕೈಯೆತ್ತಿ, "ಗುರುಸಿದ್ದವ್ವನ ಕೈ ಇದು! ನನ್ನ ಕೈ! ಮಗಳು ಮಹಾನಂದಾನ ಕುಬಸಕ್ಕ ನಾ ಕೂತು ಕರದದ್ದು! ಲವಂಗಾ ನಾನ ಚುಚ್ಚೀನಿ!" ಎಂದು ಕೂಗಿದರು.

"ಕೇಳಿಸಿತು!" ಎಂದಿತು ಬೀದಿ.

ನನ್ನ ಕೈಯಲ್ಲಿ ಮುಚ್ಚಳ ಸಡಿಲಾದದ್ದು ತಿಳಿಯಿತು. ನಾನು ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದೆ. ಅದು ತೆರೆಯಲು ನೋಡುತ್ತಿತ್ತು. ನಾನು ಬಿಡಲಿಲ್ಲ.

"ಇನ್ನೂ ಮುಗದಿಲ್ರಿ ಅತ್ತಿಯವ್ರ," ಅಂದೆ. "ಕರದವ್ರು ಯಾರಂತ ಹೇಳಿದ್ರಿ. ತಿಂದವ್ರು ಯಾರಂತ ಹೇಳೀರಿ, ಮೂವತ್ತು ವರ್ಷ. ಈಗ ಇದು ಇಲ್ಲೈತಿ. ಒಂದೂ ಮುಕ್ಕಾಗಿಲ್ಲ."

ಅತ್ತೆ ಭರಣಿಯನ್ನು ನೋಡಿದರು. ತಾವೇ ಆಡಿದ ಮಾತಿನಲ್ಲಿ ತಾವೇ ಸಿಕ್ಕಿಬಿದ್ದಿದ್ದೇವೆ ಎಂಬುದು ಅವರಿಗೆ ಆಗ ಹೊಳೆಯಿತು. ದೂರದಲ್ಲಿ ಹಾರ್ನು ಕೇಳುತ್ತಲೇ ಇತ್ತು. ನನಗೆ ಪಾಪ ಅನ್ನಿಸಿತು, ಆದರೂ ನಾನು ಕೈ ತೆಗೆಯಲಿಲ್ಲ. ಆ ಹೊತ್ತಿನಲ್ಲಿ ಕೈ ತೆಗೆದಿದ್ದರೆ ನನ್ನನ್ನು ನಾನೇ ಕಳ್ಳಿ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

"ಆಕಿ ತಿಂದಿಲ್ಲ," ಎಂದು ಗೊಣಗಿದರು.

"ಬೀದಿಗೆ ಕೇಳಬೇಕ್ರಿ."

"ನನ್ನ ಸೊಸಿ ತಿಂದಿಲ್ಲ! ನಾ ಅಂದದ್ದು ಸುಳ್ಳು!"

"ಕೇಳಿಸಿತು!" ಅಂದರು ಎಲ್ಲ ಕಿಟಕಿಗಳಿಂದ. ಕ್ಷೌರಿಕ ಅಂದ, ಅವನ ಇನ್ನೊಂದು ಕುರ್ಚಿಯಲ್ಲಿದ್ದ ಅರ್ಧ ಬೋಳಿಸಿದ ಗಿರಾಕಿ ಅಂದ. ಹಿರೇಮಠ ಮಾಸ್ತರೂ ಎದ್ದು ನಿಂತು, ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡೇ, ಅಂದರು.

ಆಗ ನಾನು ಕೈ ತೆಗೆದೆ. ಅತ್ತೆ ಲವಂಗದ ಕರ್ಚಿಕಾಯಿಯನ್ನು ತೆಗೆದು ಎರಡು ಮಾಡಿದರು. ಲವಂಗವಿದ್ದ ಭಾಗವನ್ನು ನನ್ನ ಕಡೆ ಚಾಚಿದರು. ನಾನು ತಿಂದೆ. ಒಣಕೊಬ್ಬರಿ, ಪುಟಾಣಿ, ಗಸಗಸೆ, ಏಲಕ್ಕಿ. ಮೇಲಿನ ಹಾಳೆ ಕರಕರ. ತಿಂದ ಹೆಸರನ್ನು ಮೂವತ್ತು ವರ್ಷ ಹೊತ್ತಿದ್ದೆ, ಆವತ್ತು ತಿಂದೆ. ಬಹಳ ರುಚಿಯಾಗಿತ್ತು. ಅದು ರುಚಿಯಾಗಿತ್ತಲ್ಲ ಎಂದೇ ನನಗೆ ಇನ್ನಷ್ಟು ಅಳು ಬಂತು.

ಬಸ್ಸಿನಲ್ಲಿ ಯಾರೂ ನಮ್ಮ ಮೇಲೆ ರೇಗಲಿಲ್ಲ, ಎಲ್ಲರ ಬಾಯಿಯೂ ತುಂಬಿತ್ತು. ಗಡಿಯ ಗೇಟು ದಾಟಿದ ಮೇಲೆ ಅತ್ತೆ ಸೊಂಟದ ಗೊಂಚಲು ಬಿಚ್ಚಿ, ಕಪಾಟಿನ ಕೀಲಿಕೈಯನ್ನು ಬೇರೆ ಮಾಡಿ ನನ್ನ ಮಡಿಲಿಗೆ ಹಾಕಿದರು. ನಾನು ಅದನ್ನು ತಿರುಗಿ ಅವರ ಮಡಿಲಿಗೆ ಹಾಕಿದೆ.

"ಯಾಕ? ಇನ್ನೂ ಸಿಟ್ಟೇನು?"

"ಸಿಟ್ಟು ಐತಿ. ಅಲ್ಲಿಯವ್ರು ಯಾರೂ ನನ್ನ ಕಳ್ಳಿ ಅಂದಿದ್ದಿಲ್ಲ ಅತ್ತಿಯವ್ರ. ಅಂದದ್ದು ನಮ್ಮ ಓಣಿ. ಅಲ್ಲಿ ಹೇಳ್ರಿ. ಮತ್ತ ಕೀಲಿಕೈ ನನಗ ಬ್ಯಾಡ. ಕಪಾಟಿನ ಕೀಲಿನ ಕಿತ್ತು ಹಾಕಸ್ರಿ."

ಅತ್ತೆ ಊರು ಮುಟ್ಟುವ ತನಕ ನನ್ನೊಡನೆ ಮಾತು ಬಿಟ್ಟರು. ನಾನೂ ಬಿಟ್ಟೆ. ಆದರೆ ಮನೆ ತಲುಪಿದ ಮರುದಿನ, ನೀರು ಬಿಡುವ ಹೊತ್ತಿಗೆ, ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ, ಅವರು ಬಾಗಿಲ ಕಟ್ಟೆಯ ಮೇಲೆ ನಿಂತು ಅದೇ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಫೋನು ಮಾಡಿ ಮಹಾನಂದಾಳಿಗೂ ಹೇಳಿದ್ದರಂತೆ. ನಮ್ಮಲ್ಲಿ ಆ ಬೀದಿಯ ಹಾಗೆ ಉತ್ತರ ಕೊಡುವ ರೂಢಿಯಿಲ್ಲ. ಹಾಗೆಂದು ನಾನು ಬಿಟ್ಟೆನೇ? ಅಡುಗೆಮನೆಯಿಂದಲೇ ಗಂಟಲು ಹರಿಯುವ ಹಾಗೆ ಕೂಗಿದೆ, "ಕೇಳಿಸಿತು!" ನಮ್ಮ ಯಜಮಾನರು ಮಜ್ಜಿಗೆ ಲೋಟ ಕೆಳಗಿಟ್ಟರು.

ಈಗ ಕಪಾಟಿಗೆ ಕೀಲಿಯಿಲ್ಲ. ಕರ್ಚಿಕಾಯಿಯನ್ನು ನಾನೇ ಕರಿಯುತ್ತೇನೆ. ಅಂಚನ್ನು ನನ್ನ ಬಲಗೈಯಿಂದ ನನಗೆ ಬಂದ ಹಾಗೆ ಮಡಿಚುತ್ತೇನೆ. ಅದು ಚೇಳಿನ ಕೊಂಡಿಯ ಹಾಗಿದೆ ಎಂದು ಅತ್ತೆ ಪ್ರತಿ ಸಲ ಬೈಯುತ್ತಾರೆ. ಬೈಯಲಿ, ನಾನೇನೂ ಬದಲಾಯಿಸುವುದಿಲ್ಲ. ಒಮ್ಮೊಮ್ಮೆ ಬೆಳಗ್ಗೆ ನೋಡಿದರೆ ಡಬ್ಬಿ ಅರ್ಧಕ್ಕೆ ಇಳಿದಿರುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. "ನಮ್ಮ ಕಡೇದವ್ರು ಯಾರೋ ಅಲ್ಲಿ ಹಸದು ನಿಂತಿರಬೇಕು," ಎನ್ನುತ್ತಾರೆ ಅತ್ತೆ. ತಿನ್ನಲಿ, ಹೊಟ್ಟೆ ತುಂಬ ತಿನ್ನಲಿ. ಬೀದಿಗೆ ಕೇಳುವ ಹಾಗೆ ನನ್ನ ಹೆಸರು ಹೇಳಿ ತಿಂದರೆ ಸಾಕು.